ಸರಾಸರಿ ಏರು ಹೇಳದ ಸಂಗತಿಗಳು: ದ್ರಾಕ್ಷಿ ತೋಟದಿಂದ ಮೋಂ ವಾಂತೂ ತುದಿಗೆ ಸೈಕಲ್ಲಿನಲ್ಲಿ

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್‌ನಲ್ಲಿ ಬೆದ್ವಾಂ ಅಂತ ಒಂದು ಸಣ್ಣ ಊರಿದೆ. ಸುತ್ತ ದ್ರಾಕ್ಷಿ ತೋಟ, ಚೆರಿ ಮರಗಳು, ಮೇಲೆ ಬೆಳ್ಳಗೆ ಕಾಣುವ ಮೋಂ ವಾಂತೂ ಬೆಟ್ಟ. ಬೆಟ್ಟದ ಎತ್ತರ ಸುಮಾರು 1,910 ಮೀಟರ್. ಊರಿನಿಂದ ತುದಿಗೆ 21.5 ಕಿಲೋಮೀಟರ್ ರಸ್ತೆ, ಏರಬೇಕಾದದ್ದು ಹತ್ತಿರ ಹತ್ತಿರ 1,600 ಮೀಟರ್. ಭಾಗಿಸಿದರೆ ಸರಾಸರಿ ಏರು ಶೇ. 7.5 ಅಂತ ಬರುತ್ತದೆ. ಅಂದರೆ ನೂರು ಮೀಟರ್ ಮುಂದೆ ಹೋದಾಗ ಏಳೂವರೆ ಮೀಟರ್ ಮೇಲೆ ಹೋಗಿರುತ್ತೀರಿ.

ಈ ಸಂಖ್ಯೆಯನ್ನು ನೋಡಿಕೊಂಡು ಹೊರಟವರು ಅರ್ಧ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ನಡೆಯುವುದು ಅಲ್ಲಿ ದಿನಾ ನಡೆಯುವ ಸಂಗತಿ. ಶೇ. 7.5 ಸುಳ್ಳಲ್ಲ, ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ರಸ್ತೆಯಲ್ಲಿ ಶೇ. 7.5ರ ಏರು ಸಿಗುವ ಜಾಗ ಬಹಳ ಕಡಿಮೆ. ಒಂದೋ ಅದಕ್ಕಿಂತ ತುಂಬಾ ಸುಲಭ, ಇಲ್ಲವೇ ತುಂಬಾ ಕಷ್ಟ. ಬೆಟ್ಟದ ರಸ್ತೆಯನ್ನು ತುಂಡು ತುಂಡಾಗಿ ಓದುವುದು ಹೇಗೆ ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಯುರೋಪಿನಲ್ಲಿ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಾಕೆಂದರೆ ಎಲ್ಲಿ ಏನು ಬದಲಾಗುತ್ತದೆ ಅನ್ನುವುದನ್ನು ಇಲ್ಲಿ ಗಿಡಮರಗಳೇ ತೋರಿಸುತ್ತವೆ: ಮೊದಲು ದ್ರಾಕ್ಷಿ, ಆಮೇಲೆ ಕಾಡು, ಕೊನೆಗೆ ಬರೀ ಕಲ್ಲು.

ದ್ರಾಕ್ಷಿ ತೋಟದ ಭಾಗದಿಂದ ಶುರು ಮಾಡೋಣ. ಬೆದ್ವಾಂ ಊರು ಸಮುದ್ರ ಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸಾಂತ್ ಎಸ್ತೆವ್ ಅನ್ನುವ ಹಳ್ಳಿಯ ದೊಡ್ಡ ತಿರುವಿನವರೆಗೆ ಐದೂವರೆ ಕಿಲೋಮೀಟರ್. ಏರು ಶೇ. 4ರ ಆಸುಪಾಸು. ಎರಡೂ ಕಡೆ ಬಳ್ಳಿಗಳ ಸಾಲು, ನಡುನಡುವೆ ಚೆರಿ ತೋಟ, ಕೆಲವು ಕಡೆ ಮಣ್ಣು ಕಾವಿ ಬಣ್ಣಕ್ಕಿದೆ. ಇಲ್ಲಿ ಬೆಳೆಯುವುದು ಮುಖ್ಯವಾಗಿ ಗ್ರೆನಾಶ್, ಸಿರಾ ತರದ ಕಪ್ಪು ದ್ರಾಕ್ಷಿ. 1973ರಿಂದ ಈ ಪ್ರದೇಶದ ವೈನ್‌ಗೆ ತನ್ನದೇ ಹೆಸರಿನ ಎಒಸಿ ಮಾನ್ಯತೆ ಇದೆ, ಅಂದರೆ ಇಂಥ ಜಾಗದಲ್ಲಿ, ಇಂಥ ತಳಿಯಿಂದ, ಇಂಥ ನಿಯಮದಂತೆ ಮಾಡಿದ್ದಕ್ಕೆ ಮಾತ್ರ ಆ ಹೆಸರು. ವೈನ್ ಬೇಡದವರಿಗೆ ಮಸ್ಕತ್ ಅನ್ನುವ ಕಡುನೀಲಿ ತಿನ್ನುವ ದ್ರಾಕ್ಷಿಯೂ ಇದೆ, ಅದಕ್ಕೂ 1997ರಲ್ಲಿ ಇದೇ ಮಾನ್ಯತೆ ಸಿಕ್ಕಿತು.

ಬಳ್ಳಿಗಳು ಇಲ್ಲೇ ಯಾಕೆ, ಮೇಲೆ ಯಾಕಿಲ್ಲ? ಗ್ರೆನಾಶ್ ನಿಧಾನಕ್ಕೆ ಹಣ್ಣಾಗುವ ತಳಿ, ಅದಕ್ಕೆ ಬಿಸಿಲು ಜಾಸ್ತಿ ಬೇಕು. ಎತ್ತರಕ್ಕೆ ಹೋದಂತೆ ಗಾಳಿ ತಣ್ಣಗಾಗುತ್ತದೆ, ಪ್ರತಿ ಸಾವಿರ ಮೀಟರ್‌ಗೆ ಸುಮಾರು ಆರೂವರೆ ಡಿಗ್ರಿ. ಹಾಗಾಗಿ ಸುಮಾರು 500 ಮೀಟರ್ ಎತ್ತರದ ಮೇಲೆ ಇಲ್ಲಿ ದ್ರಾಕ್ಷಿ ಸರಿಯಾಗಿ ಮಾಗುವುದು ಕಷ್ಟ. ಅದರ ಕೆಳಗೆ ಮಾತ್ರ ಬೆಟ್ಟ ಬಳ್ಳಿಗೆ ಉಪಕಾರಿ: ಹಗಲು ಸುಡುವ ಬಿಸಿಲು, ರಾತ್ರಿ ಬೆಟ್ಟದ ಮೇಲಿಂದ ಇಳಿದು ಬರುವ ತಣ್ಣನೆಯ ಗಾಳಿ. ಬಿಸಿಲಿಗೆ ಸಿಹಿ ಕೂಡುತ್ತದೆ, ರಾತ್ರಿಯ ತಂಪಿಗೆ ಹಣ್ಣಿನ ಹುಳಿ ಉಳಿಯುತ್ತದೆ. ಇನ್ನು ನೀರು ನಿಲ್ಲದ ಇಳಿಜಾರು ನೆಲ ಬಳ್ಳಿಯ ಬೇರಿಗೆ ಒಳ್ಳೆಯದೇ.

ಸೈಕಲ್ ಸವಾರರಿಗೆ ಇದರಿಂದ ಏನು ಗೊತ್ತಾಗುತ್ತದೆ ಅಂದರೆ, ಬೆದ್ವಾಂ ದಾರಿಯಲ್ಲಿ ದ್ರಾಕ್ಷಿ ಮುಗಿಯುವ ಜಾಗ ಮತ್ತು ಕಠಿಣ ಏರು ಶುರುವಾಗುವ ಜಾಗ ಹೆಚ್ಚುಕಡಿಮೆ ಒಂದೇ. ಉಳುಮೆಗೆ ಒಗ್ಗುವ ಮೆತ್ತನೆಯ ತಪ್ಪಲು ಅಲ್ಲಿಗೆ ಮುಗಿಯುತ್ತದೆ, ಸುಣ್ಣದ ಕಲ್ಲಿನ ನಿಜವಾದ ಬೆಟ್ಟ ಅಲ್ಲಿಂದ ಏಳುತ್ತದೆ. ಪಕ್ಕದಲ್ಲಿ ಬಳ್ಳಿ ಕಾಣುತ್ತಿದೆ ಅಂದರೆ ನೀವು ಇನ್ನೂ ಬೆಟ್ಟ ಹತ್ತಲು ಶುರು ಮಾಡಿಲ್ಲ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಬಹಳ ಜನ ಈ ಐದೂವರೆ ಕಿಲೋಮೀಟರ್‌ನಲ್ಲಿ "ಅಷ್ಟೇನೂ ಕಷ್ಟ ಇಲ್ವಲ್ಲ" ಅಂದುಕೊಂಡು ಜೋರಾಗಿ ತುಳಿದು ಕಾಲಿನ ಶಕ್ತಿ ಖರ್ಚು ಮಾಡಿಬಿಡುತ್ತಾರೆ.

ಸಾಂತ್ ಎಸ್ತೆವ್ ತಿರುವು ದಾಟಿದ ತಕ್ಷಣ ಕಾಡು. ಇಲ್ಲಿಂದ ಶಲೇ ರೆನಾರ್ ಅನ್ನುವ ಹೋಟೆಲ್ಲಿನವರೆಗೆ ಒಂಬತ್ತೂವರೆ ಕಿಲೋಮೀಟರ್‌ಗೂ ಸ್ವಲ್ಪ ಹೆಚ್ಚು ದೂರ, ಏರು ಶೇ. 9ಕ್ಕಿಂತ ಜಾಸ್ತಿ, ಕೆಲವು ಕಡೆ ಶೇ. 10 ದಾಟುತ್ತದೆ. ಬಿಡುವೇ ಇಲ್ಲ. ಆಲ್ಪ್ಸ್‌ನ ಎಷ್ಟೋ ರಸ್ತೆಗಳಲ್ಲಿ ಹೇರ್‌ಪಿನ್ ತಿರುವುಗಳಿರುತ್ತವೆ, ತಿರುವಿನ ಹೊರಬದಿಯಲ್ಲಿ ನಾಲ್ಕಾರು ಸೆಕೆಂಡ್ ಕಾಲು ಹಗುರವಾಗುತ್ತದೆ, ಅಲ್ವಾ? ಇಲ್ಲಿ ಆ ಸುಖ ಇಲ್ಲ, ರಸ್ತೆ ಕಣಿವೆ ಹಿಡಿದು ನೆಟ್ಟಗೆ ಏರುತ್ತಾ ಹೋಗುತ್ತದೆ. ಇದಕ್ಕೆ ಒಂದು ಕಾರಣ ಇದೆ. ಕಣಿವೆಯಿಂದ ಕಣಿವೆಗೆ ಗಾಡಿ, ಸರಕು ಸಾಗಿಸಲು ಮಾಡಿದ ಘಾಟಿ ರಸ್ತೆಗಳಲ್ಲಿ ಎಳೆಯುವ ಪ್ರಾಣಿಗೆ ಆಗುವಷ್ಟೇ ಏರು ಇಟ್ಟಿರುತ್ತಾರೆ. ಮೋಂ ವಾಂತೂ ರಸ್ತೆ ಅಂಥದ್ದಲ್ಲ. 1880ರ ದಶಕದಲ್ಲಿ ಬೆಟ್ಟದ ತುದಿಯಲ್ಲಿ ಹವಾಮಾನ ವೀಕ್ಷಣಾಲಯ ಕಟ್ಟಿದರು, ಅದಕ್ಕೆ ಹೋಗಲು ಮಾಡಿಕೊಂಡ ದಾರಿ ಇದು.

ಇನ್ನು ಕಾಡಿನ ವಿಷಯ. ಅದು ನೋಡಲು ಹಳೆಯದಾಗಿ ಕಂಡರೂ ಬಹುಪಾಲು ಜನ ನೆಟ್ಟು ಬೆಳೆಸಿದ್ದು. ಹಡಗು ಕಟ್ಟಲು, ಉರುವಲಿಗೆ ಅಂತ ಶತಮಾನಗಳ ಕಾಲ ಈ ಬೆಟ್ಟದ ಮರ ಕಡಿದು ಬೋಳು ಮಾಡಿದ್ದರು, ಉಳಿದದ್ದನ್ನು ಕುರಿಗಳು ಮೇಯ್ದವು. ಮಳೆ ಬಂದರೆ ಮಣ್ಣು ಕೊಚ್ಚಿ ಕೆಳಗಿನ ಊರಿಗೆ ಬರುತ್ತಿತ್ತು. 1860ರ ದಶಕದಿಂದ ಮತ್ತೆ ಓಕ್, ಪೈನ್, ಉತ್ತರ ಆಫ್ರಿಕಾದ ಅಟ್ಲಾಸ್ ದೇವದಾರು ನೆಟ್ಟರು. ಆ ದೇವದಾರುಗಳು ಈಗ ಎಷ್ಟು ಸೊಗಸಾಗಿ ಬೆಳೆದಿವೆ ಅಂದರೆ, ದಮ್ಮು ಕಟ್ಟುವಾಗಲೂ ಒಮ್ಮೆ ತಲೆ ಎತ್ತಿ ನೋಡಬೇಕು.

ಈಗ ಸ್ವಲ್ಪ ಲೆಕ್ಕ. ಇದು ಅರ್ಥವಾದರೆ ಪ್ರಪಂಚದ ಯಾವ ಏರಿಗಾದರೂ ಉಪಯೋಗಕ್ಕೆ ಬರುತ್ತದೆ. ಸವಾರ, ಸೈಕಲ್, ನೀರು ಎಲ್ಲ ಸೇರಿ 80 ಕಿಲೊ ಅಂದುಕೊಳ್ಳಿ. ಆತ ಪೆಡಲ್ ಮೇಲೆ ಒಂದೇ ಸಮನೆ 175 ವಾಟ್ ಹಾಕುತ್ತಾನೆ ಅನ್ನೋಣ, ವಾರಕ್ಕೆ ಮೂರು ನಾಲ್ಕು ಸಲ ಸೈಕಲ್ ಹೊಡೆಯುವ ಸಾಮಾನ್ಯ ಹವ್ಯಾಸಿಗೆ ಸಾಧ್ಯವಾಗುವ ಶ್ರಮ ಅದು. ದ್ರಾಕ್ಷಿ ತೋಟದ ಶೇ. 4ರ ಏರಿನಲ್ಲಿ ಅವನ ವೇಗ ಗಂಟೆಗೆ ಸುಮಾರು 15 ಕಿಲೋಮೀಟರ್. ಕಾಡಿನಲ್ಲಿ ಅದೇ ಶ್ರಮಕ್ಕೆ ಸಿಗುವುದು ಸುಮಾರು 8 ಕಿಲೋಮೀಟರ್. ಮೇಲಿನ ಕಲ್ಲಿನ ಭಾಗದಲ್ಲಿ ಗಾಳಿ ಇಲ್ಲದಿದ್ದರೆ 9ಕ್ಕೂ ಸ್ವಲ್ಪ ಜಾಸ್ತಿ. ಹಾಗಾದರೆ ತೋಟಕ್ಕೆ 22 ನಿಮಿಷ, ಕಾಡಿಗೆ 73 ನಿಮಿಷ, ಕಲ್ಲಿಗೆ 40 ನಿಮಿಷ. ಒಟ್ಟು ಎರಡೂಕಾಲು ಗಂಟೆ.

ನೋಡಿ, ದೂರದ ಲೆಕ್ಕದಲ್ಲಿ ಕಾಡು ಅರ್ಧಕ್ಕಿಂತ ಕಡಿಮೆ. ಸಮಯದ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ. ಸರಾಸರಿ ಏರನ್ನು ದೂರದ ಮೇಲೆ ತೆಗೆಯುತ್ತಾರೆ, ಆದರೆ ಕಾಲು ನೋಯುವುದು ಗಡಿಯಾರದ ಪ್ರಕಾರ. ಕಡಿದಾದ ಜಾಗದಲ್ಲಿ ನಿಧಾನವಾಗುವುದರಿಂದ ಅಲ್ಲೇ ಹೆಚ್ಚು ಹೊತ್ತು ಇರುತ್ತೀರಿ. ಅದಕ್ಕೇ ಸರಾಸರಿ ಶೇ. 7.5 ಇರುವ ಬೆಟ್ಟ ಇಡೀ ಶೇ. 9ರ ಬೆಟ್ಟದಂತೆ ಅನ್ನಿಸುವುದು. ಬೆಂಗಳೂರಿನ ಸವಾರರು ನಂದಿ ಬೆಟ್ಟದಲ್ಲಿ ಅಭ್ಯಾಸ ಮಾಡುತ್ತಾರಲ್ಲ, ಆ ಏರು ಎಂಟು ಕಿಲೋಮೀಟರ್‌ನ ಒಳಗೇ ಮುಗಿಯುತ್ತದೆ, ಐನೂರು ಮೀಟರ್ ಕೂಡ ಮೇಲೇರುವುದಿಲ್ಲ. ಬೆದ್ವಾಂ ದಾರಿ ಅಂದರೆ ಇಳಿಯದೆ ಮೂರು ನಂದಿಗಿಂತ ಹೆಚ್ಚು. ನಂದಿಯನ್ನು ಜೋರಾಗಿ ಹತ್ತುವ ಅಭ್ಯಾಸ ಇಲ್ಲಿ ಅಷ್ಟಾಗಿ ಸಹಾಯಕ್ಕೆ ಬರುವುದಿಲ್ಲ. ನಿಧಾನವಾಗಿ, ಒಂದೇ ಹದದಲ್ಲಿ, ಎರಡು ಗಂಟೆ ನಿಲ್ಲಿಸದೆ ತುಳಿಯುವ ಅಭ್ಯಾಸ ಬೇಕು.

ಗೇರ್ ವಿಷಯವನ್ನೂ ಇದೇ ಲೆಕ್ಕದಲ್ಲಿ ನೋಡಬಹುದು. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ, ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೆ 34 ಹಲ್ಲು ಇದ್ದರೆ ಪೆಡಲ್ ನಿಮಿಷಕ್ಕೆ 63 ಸುತ್ತು ತಿರುಗುತ್ತದೆ. ಹಿಂದೆ 28 ಹಲ್ಲಷ್ಟೇ ಇದ್ದರೆ 52 ಸುತ್ತು. ಹಳೆಯ ರೇಸ್ ಸೈಕಲ್ಲುಗಳಲ್ಲಿ ಇರುತ್ತಿದ್ದ ಹಾಗೆ ಮುಂದೆ 39, ಹಿಂದೆ 25 ಇದ್ದರೆ 41 ಸುತ್ತು. ಶ್ರಮ ಅಷ್ಟೇ, ಆದರೆ ಸುತ್ತು ಕಡಿಮೆಯಾದಂತೆ ಒಂದೊಂದು ಸುತ್ತಿನಲ್ಲೂ ಮಂಡಿಯ ಮೇಲೆ ಭಾರ ಜಾಸ್ತಿ. ಒಂದು ಗಂಟೆಗೂ ಮೀರಿ ನಿಮಿಷಕ್ಕೆ 41ರಂತೆ ಒತ್ತಿದರೆ ಮಂಡಿ ಉಳಿಯುವುದಿಲ್ಲ. ಬಾಡಿಗೆ ಸೈಕಲ್ ತೆಗೆದುಕೊಳ್ಳುವಾಗ ಫ್ರೇಮ್ ಕಾರ್ಬನ್ನೋ ಅಲ್ಲವೋ ಅಂತ ಕೇಳುವ ಮೊದಲು ಹಿಂದಿನ ಕ್ಯಾಸೆಟ್‌ನ, ಅಂದರೆ ಹಿಂದಿನ ಗಾಲಿಯ ಹಲ್ಲುಚಕ್ರಗಳ ಗುಂಪಿನ, ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು ಅಂತ ಕೇಳಿ. 32 ಅಥವಾ 34 ಇರಲಿ. ಸಣ್ಣ ಗೇರ್ ಹಾಕುವುದು ಅವಮಾನ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ.

ಕಾಡಿನಲ್ಲಿ ನೆರಳಿದೆ, ತಂಪಾಗಿರಬಹುದು ಅನ್ನಿಸುತ್ತದೆ. ಬೇಸಿಗೆಯಲ್ಲಿ ಹಾಗಿಲ್ಲ, ಇದು ಬಹಳ ಮುಖ್ಯ. ನಮ್ಮ ದೇಹ ಆಹಾರದಿಂದ ತೆಗೆಯುವ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗ, ಅಥವಾ ಅದಕ್ಕೂ ಕಡಿಮೆ, ಪೆಡಲ್ ಸೇರುತ್ತದೆ. ಉಳಿದದ್ದೆಲ್ಲ ಶಾಖ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ಹೋಗುವಾಗ ಎದುರಿನ ಗಾಳಿ ಬೆವರನ್ನು ಆರಿಸಿ ಮೈ ತಣ್ಣಗೆ ಮಾಡುತ್ತದೆ. ಗಂಟೆಗೆ 8 ಕಿಲೋಮೀಟರ್‌ನಲ್ಲಿ ಗಾಳಿಯೇ ಇಲ್ಲ, ಮರಗಳು ಬೇರೆ ಅಡ್ಡ. ಬೆವರು ಆರದೆ ಸುಮ್ನೆ ಕೆಳಗೆ ಹನಿಯುತ್ತದೆ, ಅದರಿಂದ ಮೈ ತಂಪಾಗುವುದಿಲ್ಲ, ನೀರು ಮಾತ್ರ ಖಾಲಿ. ಅದಕ್ಕೇ ಬೆಳಗ್ಗೆ ಏಳರ ಒಳಗೆ ಬೆದ್ವಾಂ ಬಿಡಿ, ಎರಡು ಬಾಟಲಿ ನೀರು ಇರಲಿ, ಒಂದರಲ್ಲಿ ಉಪ್ಪಿನಂಶ ಇರಲಿ. ಈ ಏರಿಗೆ ಸುಮಾರು 1,400 ಕಿಲೊಕ್ಯಾಲರಿ ಖರ್ಚಾಗುತ್ತದೆ, ಆದ್ದರಿಂದ ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಹಸಿವಾದ ಮೇಲೆ ತಿಂದರೆ ತಡವಾಗಿರುತ್ತದೆ.

ಶಲೇ ರೆನಾರ್ ಇರುವುದು 1,400 ಮೀಟರ್‌ಗಿಂತ ಸ್ವಲ್ಪ ಮೇಲೆ. ಅಲ್ಲಿಗೆ ಕಾಡು ಮುಗಿಯಿತು. ಉಳಿದ ಆರು ಕಿಲೋಮೀಟರ್ ಬಿಳಿ ಕಲ್ಲಿನ ರಾಶಿ. ದೂರದಿಂದ ನೋಡಿದವರು ಬೇಸಿಗೆಯಲ್ಲೂ ಹಿಮ ಅಂದುಕೊಳ್ಳುತ್ತಾರೆ, ಆದರೆ ಅದು ಸುಣ್ಣದ ಕಲ್ಲು. ಬಿರುಕಿಗೆ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲನ್ನು ಚೂರು ಚೂರು ಮಾಡುತ್ತದೆ, ಆ ಚೂರುಗಳೇ ಇಡೀ ತಲೆಭಾಗವನ್ನು ಹೊದ್ದುಕೊಂಡಿವೆ. ಮಳೆನೀರು ಕಲ್ಲಿನ ಸಂದಿಯಲ್ಲಿ ಇಳಿದು ಹೋಗುತ್ತದೆ, ಮೇಲೆ ಹನಿ ನಿಲ್ಲುವುದಿಲ್ಲ. ಹಾಗೆ ಒಳಗೊಳಗೇ ಇಳಿದ ನೀರು ಬುಡದಲ್ಲಿ ಬುಗ್ಗೆಯಾಗಿ ಹೊರಬರುತ್ತದೆ, ಮಲೊಸೆನ್ ಊರಿನ ಹತ್ತಿರದ ಗ್ರೋಸೋ ಬುಗ್ಗೆ ಅಂಥದ್ದು.

ಇಲ್ಲಿ ಏರು ಮೊದಲು ಸ್ವಲ್ಪ ಇಳಿದು, ಕೊನೆಯ ಎರಡು ಕಿಲೋಮೀಟರ್‌ನಲ್ಲಿ ಮತ್ತೆ ಶೇ. 9, 10ಕ್ಕೆ ಹೋಗುತ್ತದೆ. ಆದರೆ ಇಲ್ಲಿ ನಿಮ್ಮನ್ನು ಕಾಡುವುದು ಏರಿಗಿಂತ ಹೆಚ್ಚಾಗಿ ಗಾಳಿ. ಮಿಸ್ತ್ರಾಲ್ ಅನ್ನುವ ಒಣ ತಣ್ಣನೆಯ ಗಾಳಿ ಉತ್ತರದಿಂದ ರೋನ್ ನದಿಯ ಕಣಿವೆ ಹಿಡಿದು ಬರುತ್ತದೆ, ಬೆಟ್ಟಗಳ ನಡುವಿನ ಇಕ್ಕಟ್ಟಿನಲ್ಲಿ ಅದರ ವೇಗ ಹೆಚ್ಚುತ್ತದೆ. ಬೆಟ್ಟದ ಕೆಳಗಿನ ಬಯಲಿನಲ್ಲಿ ಎಲ್ಲ ಕಡೆ ಅದರ ಗುರುತು ಕಾಣುತ್ತದೆ: ತೋಟದ ಅಂಚಿಗೆ ಒತ್ತೊತ್ತಾಗಿ ನೆಟ್ಟ ಸೈಪ್ರೆಸ್ ಮರಗಳ ಸಾಲು, ಉತ್ತರಕ್ಕೆ ಬೆನ್ನು ಮಾಡಿದ ಹಳೆಯ ಕಲ್ಲಿನ ಮನೆಗಳು, ತಂತಿ ಇಲ್ಲದೆ ಗಿಡ್ಡಗೆ ಪೊದೆಯ ಹಾಗೆ ಕತ್ತರಿಸಿ ಬೆಳೆಸಿದ ಹಳೆಯ ಬಳ್ಳಿಗಳು. ಆದರೂ ದ್ರಾಕ್ಷಿ ರೈತರಿಗೆ ಈ ಗಾಳಿ ಬೇಕು. ಮಳೆಯಾದ ಮೇಲೆ ಎಲೆ, ಗೊನೆಗಳನ್ನು ಬೇಗ ಆರಿಸಿ ಬೂಷ್ಟು ರೋಗ ಕಡಿಮೆ ಮಾಡುತ್ತದೆ.

ಸವಾರರಿಗೆ ಮಾತ್ರ ಅದು ಯಾವ ಉಪಕಾರವನ್ನೂ ಮಾಡುವುದಿಲ್ಲ. ಗಾಳಿಯ ತಡೆ ವೇಗದ ವರ್ಗದ ಪ್ರಕಾರ ಹೆಚ್ಚುತ್ತದೆ. ನೀವು ಗಂಟೆಗೆ 20 ಕಿಲೋಮೀಟರ್ ಹೋಗುತ್ತಿದ್ದು ಎದುರಿನಿಂದ 20 ಕಿಲೋಮೀಟರ್ ಗಾಳಿ ಬಂದರೆ, ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಬೆದ್ವಾಂ ರಸ್ತೆ ಬೆಟ್ಟದ ದಕ್ಷಿಣ ಮೈಯಲ್ಲಿರುವುದರಿಂದ ಕಾಡಿನ ಉದ್ದಕ್ಕೂ ಮಿಸ್ತ್ರಾಲ್ ಬೀಸುತ್ತಿರುವುದು ನಿಮಗೆ ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಶಲೇ ರೆನಾರ್ ದಾಟಿ ರಸ್ತೆ ಪಶ್ಚಿಮಕ್ಕೆ ತಿರುಗಿ ಬಯಲಿಗೆ ಬಂದಾಗ ಒಮ್ಮೆಲೇ ಮುಖಕ್ಕೆ ಬಡಿಯುತ್ತದೆ. 2016ರ ಟೂರ್ ದ ಫ್ರಾನ್ಸ್ ಸೈಕಲ್ ರೇಸಿನಲ್ಲಿ ಜುಲೈ 14ರಂದು ತುದಿಯಲ್ಲಿ ಮುಗಿಯಬೇಕಿದ್ದ ಆ ದಿನದ ಓಟವನ್ನು ಗಾಳಿಯ ಕಾರಣಕ್ಕೇ ಶಲೇ ರೆನಾರ್‌ನಲ್ಲಿ ಮುಗಿಸಿದರು. ಜನರೆಲ್ಲ ಕೆಳಗಿನ ರಸ್ತೆಗೆ ಬಂದು ಕಿಕ್ಕಿರಿದರು, ಮುಂದೆ ಹೋಗುತ್ತಿದ್ದ ಮೋಟಾರ್‌ಬೈಕ್ ನಿಂತಿತು, ಸವಾರರು ಅದಕ್ಕೆ ಗುದ್ದಿದರು. ರೇಸಿನಲ್ಲಿ ಮುಂದಿರುವವರು ಹಾಕುವ ಹಳದಿ ಜರ್ಸಿಯಲ್ಲಿದ್ದ ಕ್ರಿಸ್ ಫ್ರೂಮ್, ಸೈಕಲ್ ಮುರಿದು, ಅಸಹಾಯಕರಾಗಿ ಸೈಕಲ್ ಶೂನಲ್ಲೇ ಏರು ಓಡಿದರು. ಟಿವಿಯಲ್ಲಿ ಅದನ್ನು ನೋಡಿದವರು ಮರೆತಿರಲಾರರು.

ತುದಿಗೆ ಸ್ವಲ್ಪ ಕೆಳಗೆ, ರಸ್ತೆಯ ಬದಿಯಲ್ಲಿ ಟಾಮ್ ಸಿಂಪ್ಸನ್ ಅವರ ಸ್ಮಾರಕ ಕಲ್ಲಿದೆ. ಇಂಗ್ಲೆಂಡಿನವರು, 1965ರ ವಿಶ್ವ ಚಾಂಪಿಯನ್. 1967ರ ಜುಲೈ 13ರಂದು, ಸುಡು ಬಿಸಿಲಿನಲ್ಲಿ, ಟೂರ್ ದ ಫ್ರಾನ್ಸ್ ನಡೆಯುತ್ತಿರುವಾಗಲೇ ಇಲ್ಲಿ ಕುಸಿದರು, ಉಳಿಯಲಿಲ್ಲ. ಆಗ ಅವರಿಗೆ 29 ವರ್ಷ. ಬಿಸಿಲು, ನೀರಿನ ಕೊರತೆ, ಜೊತೆಗೆ ದೇಹದಲ್ಲಿ ಆಂಫೆಟಮಿನ್ ಅನ್ನುವ ಉತ್ತೇಜಕ ಮದ್ದು ಮತ್ತು ಮದ್ಯ. ಆಂಫೆಟಮಿನ್ ಮಾಡುವ ಕೆಟ್ಟ ಕೆಲಸ ಏನೆಂದರೆ, ದೇಹ ಕಾದು ಕೈಕೊಡುತ್ತಿದೆ ಅನ್ನುವ ಸೂಚನೆಯನ್ನೇ ಮುಚ್ಚಿಹಾಕುತ್ತದೆ. ಸುಸ್ತು ಅನ್ನಿಸುವುದು ದೇಹದ ಕಾವಲು. ಅಲ್ಲಿ ಹೋಗುವ ಸವಾರರು ಒಂದು ನಿಮಿಷ ನಿಂತು ನೀರಿನ ಬಾಟಲಿಯನ್ನೋ ಟೋಪಿಯನ್ನೋ ಇಟ್ಟು ಹೋಗುತ್ತಾರೆ. ತಲೆ ಸುತ್ತುವುದು, ಬಿಸಿಲಿನಲ್ಲೂ ಚಳಿ ಅನ್ನಿಸುವುದು, ಬೆವರು ನಿಲ್ಲುವುದು, ಇದರಲ್ಲಿ ಯಾವುದು ಕಂಡರೂ ಅಲ್ಲೇ ಇಳಿದು ನೆರಳು ಹುಡುಕಿ. ತುದಿ ಎಷ್ಟೇ ಹತ್ತಿರ ಕಾಣುತ್ತಿರಲಿ.

ಇದೇ ಬೆಟ್ಟಕ್ಕೆ ಇನ್ನೆರಡು ಡಾಂಬರು ದಾರಿಗಳಿವೆ. ಮಲೊಸೆನ್ ಕಡೆಯದು ಉತ್ತರದ ದಾರಿ, 21 ಕಿಲೋಮೀಟರ್, ಸುಮಾರು 1,550 ಮೀಟರ್ ಏರು. ಸರಾಸರಿ ಬೆದ್ವಾಂನಷ್ಟೇ, ಗುಣ ಬೇರೆ: ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ, ನಡುವೆ ಉಸಿರು ತೆಗೆದುಕೊಳ್ಳಲು ಜಾಗ ಸಿಗುತ್ತದೆ, ಆದರೆ ಅರ್ಧ ದಾರಿ ಕಳೆದ ಮೇಲೆ ಶೇ. 10, 11ರ ಕಿಲೋಮೀಟರ್‌ಗಳು ಕಾದಿರುತ್ತವೆ. ಲ್ಯಾವೆಂಡರ್ ಹೊಲಗಳ ಊರು ಸೋ ಕಡೆಯಿಂದ ಬಂದರೆ 26 ಕಿಲೋಮೀಟರ್. ಆ ಊರೇ 700 ಮೀಟರ್‌ಗಿಂತ ಎತ್ತರದಲ್ಲಿರುವುದರಿಂದ ಏರಬೇಕಾದದ್ದು ಸುಮಾರು 1,150 ಮೀಟರ್ ಅಷ್ಟೇ. ಶಲೇ ರೆನಾರ್‌ವರೆಗೆ ಮೆತ್ತನೆಯ ದಾರಿ, ಆಮೇಲೆ ಬೆದ್ವಾಂ ದಾರಿಯನ್ನೇ ಸೇರುತ್ತದೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಸೋ ದಾರಿಯನ್ನೇ. ಮೂರನ್ನೂ ಒಂದೇ ದಿನ ಹತ್ತುವವರೂ ಇದ್ದಾರೆ, ಒಟ್ಟು 4,300 ಮೀಟರ್ ಏರು. 2021ರ ಟೂರ್‌ನಲ್ಲಿ ಒಂದೇ ದಿನ ಎರಡು ಸಲ ಹತ್ತಿಸಿದರು, ಮೊದಲು ಸೋ ಕಡೆಯಿಂದ, ಆಮೇಲೆ ಬೆದ್ವಾಂ ಕಡೆಯಿಂದ. ಗೆದ್ದದ್ದು ಬೆಲ್ಜಿಯಂನ ವೌಟ್ ಫಾನ್ ಆರ್ಟ್.

ತುದಿಗೆ ಹೋಗದೆಯೂ ಇಲ್ಲಿ ಒಂದು ವಾರ ಸೈಕಲ್ ಹೊಡೆಯಬಹುದು, ನಿಜ ಹೇಳಬೇಕೆಂದರೆ ಅದೇ ಹೆಚ್ಚು ಖುಷಿ. ಬೆಟ್ಟದ ಪಶ್ಚಿಮಕ್ಕೆ ದಾಂತೆಲ್ ದ ಮೊಂಮಿರಾಯ್ ಅನ್ನುವ ಗರಗಸದಂಥ ಕಲ್ಲಿನ ಸಾಲು, ಅದರ ಬುಡದಲ್ಲಿ ಜಿಗೊಂಡಾಸ್, ವಾಕೆರಾಸ್, ಬೋಮ್ ದ ವೆನೀಸ್ ಊರುಗಳ ದ್ರಾಕ್ಷಿ ತೋಟಗಳು. ಇಲ್ಲಿನ ಏರುಗಳು 400, 500 ಮೀಟರ್ ಎತ್ತರದೊಳಗೇ ಮುಗಿಯುತ್ತವೆ. ಬೆದ್ವಾಂ ಮತ್ತು ಮಲೊಸೆನ್ ನಡುವಿನ ಮದಲೆನ್ ಘಾಟಿ 448 ಮೀಟರ್ ಅಷ್ಟೇ. ಆಗ್ನೇಯಕ್ಕೆ ನೆಸ್ಕ್ ನದಿಯ ಕಮರಿ. ಅಲ್ಲಿ ಸಣ್ಣ ಸಣ್ಣ ಸುರಂಗ ದಾಟುತ್ತಾ ಶೇ. 2, 3ರ ಏರಿನಲ್ಲಿ ಸೋ ಊರಿಗೆ ಹೋಗಬಹುದು. ಮಧ್ಯಾಹ್ನ ಹಳ್ಳಿ ಅಂಗಡಿಗಳು ಮುಚ್ಚಿರುತ್ತವೆ, ತಿಂಡಿ ಮೊದಲೇ ಕೊಂಡುಕೊಳ್ಳಿ. ಊರ ನಡುವಿನ ಕಾರಂಜಿ ನೀರು ಎಷ್ಟೋ ಕಡೆ ಕುಡಿಯಬಹುದು, "ನಾನ್ ಪೊಟಾಬ್ಲ್" ಅಂತ ಫಲಕ ಇದ್ದರೆ ಮಾತ್ರ ಬೇಡ. ಫ್ರಾನ್ಸಿನ ಕಾನೂನು ಊರ ಹೊರಗೆ ಸೈಕಲ್ ದಾಟುವ ಕಾರು ಒಂದೂವರೆ ಮೀಟರ್ ಅಂತರ ಬಿಡಬೇಕು ಅನ್ನುತ್ತದೆ, ಬಹುತೇಕ ಚಾಲಕರು ಬಿಡುತ್ತಾರೆ ಕೂಡ.

ಇಳಿಯುವ ಬಗ್ಗೆ ಎರಡು ಮಾತು. ಕೆಳಗೆ 34 ಡಿಗ್ರಿ ಇದ್ದರೆ ಮೇಲೆ 24, ಮಿಸ್ತ್ರಾಲ್ ಇದ್ದರೆ ಅದಕ್ಕಿಂತಲೂ ಚಳಿ. ಬೆವರಿನಲ್ಲಿ ನೆಂದ ಜರ್ಸಿಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಇಳಿದರೆ ಕೈ ಮರಗಟ್ಟಿ ಬ್ರೇಕ್ ಹಿಡಿಯಲು ಆಗುವುದಿಲ್ಲ. ಹಿಂದಿನ ಕಾಲದ ರೇಸ್ ಸವಾರರು ತುದಿಯಲ್ಲಿ ಯಾರಾದರೂ ಕೊಟ್ಟ ನ್ಯೂಸ್‌ಪೇಪರ್ ಎದೆಗೆ ತುರುಕಿಕೊಳ್ಳುತ್ತಿದ್ದರು. ನೀವು ತೆಳ್ಳನೆಯ ಗಾಳಿ ಜಾಕೆಟ್ ಜೇಬಿನಲ್ಲಿ ಇಟ್ಟುಕೊಳ್ಳಿ. ಬ್ರೇಕನ್ನು ಉದ್ದಕ್ಕೂ ಹಿಡಿದುಕೊಂಡೇ ಇಳಿಯಬೇಡಿ, ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ಬಿಟ್ಟುಬಿಡಿ, ಇಲ್ಲದಿದ್ದರೆ ರಿಮ್ ಕಾಯುತ್ತದೆ.

ಮೇಲಿನ ರಸ್ತೆ ಚಳಿಗಾಲದಲ್ಲಿ ಹಿಮದಿಂದ ಮುಚ್ಚಿರುತ್ತದೆ, ಸಾಮಾನ್ಯವಾಗಿ ವಸಂತದಲ್ಲಿ ತೆರೆಯುತ್ತದೆ. ಮೇ ಕೊನೆ, ಜೂನ್, ಸೆಪ್ಟೆಂಬರ್ ಒಳ್ಳೆಯ ತಿಂಗಳುಗಳು. ಲ್ಯಾವೆಂಡರ್ ನೋಡಬೇಕಿದ್ದರೆ ಜುಲೈಗೇ ಹೋಗಬೇಕು, ಬಿಸಿಲು ತಡೆದುಕೊಳ್ಳಬೇಕು. ಸೆಪ್ಟೆಂಬರ್‌ನಲ್ಲಿ ದ್ರಾಕ್ಷಿ ಕೊಯ್ಲು ನಡೆಯುತ್ತಿರುತ್ತದೆ, ಗೊನೆ ತುಂಬಿದ ಟ್ರಾಕ್ಟರುಗಳು ಬೆಳಗಿನಿಂದಲೇ ಸಣ್ಣ ರಸ್ತೆಗಳಲ್ಲಿ ಓಡಾಡುತ್ತವೆ, ತಿರುವಿನಲ್ಲಿ ಬಿದ್ದು ಜಜ್ಜಿದ ಹಣ್ಣಿನ ಮೇಲೆ ಟೈರ್ ಜಾರುತ್ತದೆ. ಆ ದಿನಗಳಲ್ಲಿ ತೋಟದ ನಡುವಿನ ತಿರುವುಗಳಿಗೆ ನಿಧಾನವಾಗಿ ಇಳಿಯಿರಿ, ಟ್ರಾಕ್ಟರ್ ಎದುರು ಬಂದರೆ ಬದಿಗೆ ನಿಂತು ದಾರಿ ಬಿಡಿ. ಅವರಿಗೆ ಅದು ವರ್ಷದ ದುಡಿಮೆ.